ಮೊದಲ ಬೈಕಿಗೆ ಎಷ್ಟು ಸಿ.ಸಿ. ಬೇಕು?

ಪಂಪ್‌ಸೆಟ್ ಕೊಳ್ಳುವಾಗ ನಾವು ಎಷ್ಟೊಂದು ಲೆಕ್ಕ ಹಾಕುತ್ತೇವೆ! ಬಾವಿಯ ಆಳ ಎಷ್ಟು, ನೀರು ಎಷ್ಟು ಎತ್ತರಕ್ಕೆ ಏರಬೇಕು, ಪೈಪು ಎಷ್ಟು ಇಂಚಿನದು, ಒಮ್ಮೆಗೆ ಎಷ್ಟು ಜೆಟ್ ತಿರುಗಬೇಕು? ಇಷ್ಟೆಲ್ಲ ನೋಡಿದ ಮೇಲೆ 3 ಎಚ್.ಪಿ. ಸಾಕೋ, 5 ಎಚ್.ಪಿ. ಬೇಕೋ ಎಂಬ ತೀರ್ಮಾನ. ಅದೇ ಮನೆಯ ಹುಡುಗನಿಗೋ ಹುಡುಗಿಗೋ ಮೊದಲ ಬೈಕು ಕೊಳ್ಳುವಾಗ ಈ ಲೆಕ್ಕ ಎಲ್ಲಿ ಹೋಗುತ್ತದೆ? ಗೆಳೆಯನಲ್ಲಿ ಏನಿದೆ, ಶೋರೂಮಿನಲ್ಲಿ ಯಾವುದು ಹೊಳೆಯುತ್ತಿದೆ, ಕಂತು ಎಷ್ಟು ಬೀಳುತ್ತದೆ, ಇಷ್ಟರಲ್ಲೇ ಮುಗಿಯುತ್ತದೆ.

ಈ ವರ್ಷ ನಮ್ಮ ಮನೆಯಲ್ಲೂ ಈ ಪ್ರಶ್ನೆ ಬಂತು. ಅಣ್ಣನ ಮಗನಿಗೆ 19 ತುಂಬಿತು. ಲೈಸೆನ್ಸ್ ಆಯಿತು. ಬೆಳಿಗ್ಗೆ ಹಾಲು ಸೊಸೈಟಿಗೆ ಕೊಟ್ಟು ಅಲ್ಲಿಂದ ಕಾಲೇಜಿಗೆ ಹೋಗುವುದು, ಸಂಜೆ ಬರುವಾಗ ಹಿಂಡಿ, ಸಾಮಾನು ತರುವುದು ಅವನ ಕೆಲಸ. ಅವನ ಕಣ್ಣು 200 ಸಿ.ಸಿ.ಯ ಮೇಲೆ. ಅಣ್ಣನಿಗೆ ಮೈಲೇಜಿನದ್ದೇ ಚಿಂತೆ. ಅತ್ತಿಗೆಗೆ ಬೈಕೇ ಬೇಡ, ಬಸ್ಸಿನಲ್ಲಿ ಹೋದರೆ ಸಾಕು. ನಾನು ಮೂವತ್ತು ವರ್ಷದಿಂದ ಇದೇ ದಾರಿಯಲ್ಲಿ ಬೈಕು ಓಡಿಸುವವನಾದ್ದರಿಂದ ಮಾತು ನನ್ನ ಕಡೆಗೆ ಬಂತು. ಆಗ ಹಾಕಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಮನೆಗಳಲ್ಲೂ ಇದೇ ಚರ್ಚೆ ನಡೆಯುತ್ತಿರಬಹುದು.

ನಮ್ಮ ದಾರಿಯ ಬಗ್ಗೆ ಎರಡು ಮಾತು ಮೊದಲೇ ಹೇಳಬೇಕು. ತೋಟದ ಮನೆಯಿಂದ ಡಾಮರು ರಸ್ತೆಗೆ ಒಂದೂವರೆ ಕಿಲೋಮೀಟರು ಮಣ್ಣಿನ ಮಾರ್ಗ. ಮಧ್ಯೆ ಒಂದು ಮುರಕಲ್ಲಿನ ಚಡಾವು, ಎರಡು ತಿರುವು. ಮಳೆಗಾಲದಲ್ಲಿ ಹಾವಸೆ, ಬೇಸಿಗೆಯಲ್ಲಿ ಕಾಲು ಜಾರುವ ಹರಳು. ದಕ್ಷಿಣ ಕನ್ನಡ, ಕೊಡಗು, ಮಲೆನಾಡಿನ ಹೆಚ್ಚಿನ ಕೃಷಿಕರ ಮನೆಯ ದಾರಿ ಹೀಗೇ ಇರುತ್ತದೆ. ಬಯಲುಸೀಮೆಯವರು ಚಡಾವಿನ ಬದಲು ಕೆಸರು ಮತ್ತು ಗಾಡಿಜಾಡು ಎಂದು ಓದಿಕೊಂಡರಾಯಿತು.

ಸಿ.ಸಿ. ಅಂದರೆ ಶಕ್ತಿಯಲ್ಲ

ಎಂಜಿನಿನ ಸಿಲಿಂಡರಿನೊಳಗೆ ಪಿಸ್ಟನ್ ಒಮ್ಮೆ ಚಲಿಸಿದಾಗ ಎಷ್ಟು ಜಾಗ ಆಕ್ರಮಿಸುತ್ತದೋ ಅದು ಸಿ.ಸಿ. 100 ಸಿ.ಸಿ. ಎಂದರೆ 100 ಮಿಲಿಲೀಟರು, ಒಂದು ಸಣ್ಣ ಚಹಾ ಗ್ಲಾಸಿನಷ್ಟು. ಅದು ಪಾತ್ರೆಯ ಅಳತೆ ಮಾತ್ರ. ಆ ಪಾತ್ರೆಯಿಂದ ಎಷ್ಟು ಕೆಲಸ ತೆಗೆಯುತ್ತಾರೆ ಎಂಬುದು ಬೇರೆ.

ಹಳೆಯ ಬೈಕುಗಳನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿ 250ರ ಶಕ್ತಿ ಸುಮಾರು 13 ಎಚ್.ಪಿ. ಹುಡುಗರ ಕನಸಾಗಿದ್ದ ಯಮಹಾ ಆರ್.ಎಕ್ಸ್. 100 ಬರೇ 98 ಸಿ.ಸಿ.ಯದು. ಆದರೆ ಅದು 11 ಎಚ್.ಪಿ. ಕೊಡುತ್ತಿತ್ತು. ಈಗ ಊರೂರಲ್ಲಿ ಕಾಣುವ ಸ್ಪ್ಲೆಂಡರ್ 97 ಸಿ.ಸಿ., ಶಕ್ತಿ ಸುಮಾರು 8 ಎಚ್.ಪಿ. ಇನ್ನೊಂದು ಕಡೆ, 2018ರಲ್ಲಿ ನಮ್ಮ ದೇಶಕ್ಕೆ ಬಂದ ಕೆ.ಟಿ.ಎಂ. 125 ಡ್ಯೂಕ್ 125 ಸಿ.ಸಿ.ಯಲ್ಲೇ 14 ಎಚ್.ಪಿ. ದಾಟಿಸಿತ್ತು. ಅಂದರೆ ಹಳೆಯ ಯೆಜ್ಡಿಯ ಅರ್ಧ ಗಾತ್ರದಲ್ಲಿ ಅದಕ್ಕಿಂತ ಹೆಚ್ಚು ಶಕ್ತಿ. ಅದೇ ಸಂಸ್ಥೆಯ 200 ಡ್ಯೂಕ್ ಸುಮಾರು 25 ಎಚ್.ಪಿ.ಯದು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮಾತ್ರ 20 ಎಚ್.ಪಿ.ಯ ಆಸುಪಾಸು.

ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಹೆಚ್ಚಾಗಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದರಿಂದ. ವೇಗವಾಗಿ ತಿರುಗುವ ಸಣ್ಣ ಎಂಜಿನ್ ಎಚ್.ಪಿ. ಹೆಚ್ಚು ತೋರಿಸುತ್ತದೆ. ಆದರೆ ಆ ಎಚ್.ಪಿ. ಸಿಗಬೇಕಾದರೆ ಅದನ್ನು ಹಾಗೆ ಕಿರುಚಿಸಬೇಕು. ನಮ್ಮ ಕೆಲಸಕ್ಕೆ ಬೇಕಾದದ್ದು ನಿಧಾನ ಹೋಗುವಾಗ ಸಿಗುವ ಎಳೆತ. ಇದನ್ನು ಟಾರ್ಕ್ ಅನ್ನುತ್ತಾರೆ. ಕಂಪೆನಿಯ ಕಾಗದದಲ್ಲಿ ‘ಎನ್.ಎಂ.’ ಎಂದು ಬರೆದಿರುತ್ತದೆ. ಪಕ್ಕದಲ್ಲೇ ಅದು ಎಷ್ಟು ಆರ್.ಪಿ.ಎಂ.ನಲ್ಲಿ ಸಿಗುತ್ತದೆ ಎಂದೂ ಇರುತ್ತದೆ. ಸ್ಪ್ಲೆಂಡರಿನಲ್ಲಿ 8 ಎನ್.ಎಂ., ಹೋಂಡಾ ಶೈನ್ 125ರಲ್ಲಿ ಸುಮಾರು 11 ಎನ್.ಎಂ., ಎರಡೂ 6,000 ಸುತ್ತಿನಲ್ಲಿ. ಕ್ಲಾಸಿಕ್ 350ರಲ್ಲಿ 27 ಎನ್.ಎಂ., ಅದೂ 4,000 ಸುತ್ತಿನಲ್ಲಿ. ಕೊಳ್ಳುವವರು ಎಚ್.ಪಿ.ಗಿಂತ ಮೊದಲು ಈ ಸಾಲನ್ನು ಓದಬೇಕು.

ಚಡಾವಿಗೆ ಎಷ್ಟು ಎಚ್.ಪಿ. ಸಾಕು?

“ಚಿಕ್ಕಪ್ಪಾ, 100 ಸಿ.ಸಿ. ಇಬ್ಬರನ್ನು ಕೂರಿಸಿಕೊಂಡು ನಮ್ಮ ಚಡಾವು ಏರುತ್ತದಾ?” ಎಂದು ಹುಡುಗ ಕೇಳಿದ. ನಾನು ಪಂಪಿನ ಲೆಕ್ಕವನ್ನೇ ಮಾಡಿ ತೋರಿಸಿದೆ.

75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಶಕ್ತಿಯೇ ಒಂದು ಎಚ್.ಪಿ. ನೀರಾದರೂ ಅಷ್ಟೆ, ಬೈಕಾದರೂ ಅಷ್ಟೆ. ಬೈಕಿನ ತೂಕ 112 ಕಿಲೋ, ಇಬ್ಬರು ಸೇರಿ 120, ಸಾಮಾನು 38. ಒಟ್ಟು 270 ಕಿಲೋ. ಆರು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ಚಡಾವು ಅಂತ ಹಿಡಿಯಿರಿ. ಇದು ಸಾಕಷ್ಟು ಕಡಿದಾದದ್ದೇ. ಗಂಟೆಗೆ 15 ಕಿಲೋಮೀಟರಿನಲ್ಲಿ ಹೋದರೆ ಸೆಕೆಂಡಿಗೆ 4.2 ಮೀಟರು. ಅದರ ಆರನೇ ಒಂದು ಪಾಲು ಮೇಲಕ್ಕೆ ಏರಿದ್ದು, ಅಂದರೆ 0.7 ಮೀಟರು. 270ನ್ನು 0.7ರಿಂದ ಗುಣಿಸಿ 75ರಿಂದ ಭಾಗಿಸಿದರೆ ಎರಡೂವರೆ ಎಚ್.ಪಿ. ಬರುತ್ತದೆ. ಮಣ್ಣಿನ ಹಿಡಿತ, ಚೈನು, ಗೇರಿನ ನಷ್ಟಕ್ಕೆ ಒಂದೂವರೆ ಸೇರಿಸಿ. ನಾಲ್ಕು ಎಚ್.ಪಿ.

ಎಂಟು ಎಚ್.ಪಿ.ಯ ಎಂಜಿನಿಗೆ ಇದು ಅರ್ಧ ಕೆಲಸ. ಅದೇ ಚಡಾವನ್ನು 30 ಕಿಲೋಮೀಟರು ವೇಗದಲ್ಲಿ ಏರಬೇಕೆಂದರೆ ಎಂಟೂ ಬೇಕಾಗುತ್ತದೆ. ಆದರೆ ಮುರಕಲ್ಲಿನ ತಿರುವಿನಲ್ಲಿ 30ರಲ್ಲಿ ಏರುವ ಕೆಲಸ ಯಾರಿಗಿದೆ? ಮೊದಲನೇ ಗೇರಿನಲ್ಲಿ, ಅರ್ಧಕ್ಕಿಂತ ಕೆಳಗೆ ಬಿಡದ ಎಕ್ಸಿಲೇಟರಿನಲ್ಲಿ, ನಿಧಾನ ಏರಿದರೆ 100 ಸಿ.ಸಿ. ಧಾರಾಳ ಸಾಕು. ನಾನು ಇಷ್ಟು ವರ್ಷ ಏರಿದ್ದೂ ಹಾಗೆಯೇ.

ಚಡಾವಿನ ಮಧ್ಯೆ ಬೈಕು ಸಾಯುವುದು ಹೆಚ್ಚಾಗಿ ಎಂಜಿನ್ ಸಣ್ಣದಾದ್ದರಿಂದ ಅಲ್ಲ, ಎರಡನೇ ಗೇರಿನಿಂದ ಮೊದಲನೆಯದಕ್ಕೆ ತಡವಾಗಿ ಇಳಿಸುವುದರಿಂದ. ಹೊಸಬರು ಬುಡದಲ್ಲೇ ಮೊದಲನೇ ಗೇರು ಹಾಕಿಕೊಳ್ಳುವುದು ಒಳ್ಳೆಯದು.

ಭಾರ, ಎತ್ತರ ನೋಡಿ

ಹೊಸ ಸವಾರ ಮೊದಲ ವರ್ಷದಲ್ಲಿ ಬೀಳುವುದು ಹೆಚ್ಚಾಗಿ ವೇಗದಲ್ಲಿ ಅಲ್ಲ. ಅಂಗಳದಲ್ಲಿ ತಿರುಗಿಸುವಾಗ, ಗೇಟಿನಲ್ಲಿ ನಿಲ್ಲಿಸುವಾಗ, ಇಳುಕಲಿನಲ್ಲಿ ಎದುರು ಜೀಪು ಬಂದಾಗ. ಆಗ ಕೆಲಸಕ್ಕೆ ಬರುವುದು ಅವನ ಕಾಲು. ಕಾಲು ನೆಲಕ್ಕೆ ಗಟ್ಟಿಯಾಗಿ ಊರದಿದ್ದರೆ, ಅಥವಾ ಬೈಕಿನ ಭಾರವನ್ನು ಆ ಕಾಲು ತಡೆಯದಿದ್ದರೆ ಮುಗಿಯಿತು.

ಸ್ಪ್ಲೆಂಡರ್ 112 ಕಿಲೋ. ಶೈನ್ 125 ಹೆಚ್ಚುಕಮ್ಮಿ ಅಷ್ಟೆ. ಕ್ಲಾಸಿಕ್ 350 ಪೆಟ್ರೋಲು ಸೇರಿ 195 ಕಿಲೋ. ಒಂದೂಮುಕ್ಕಾಲು ಪಟ್ಟು. ಅದನ್ನು ಓಡಿಸುವಾಗ ಭಾರ ತಿಳಿಯುವುದಿಲ್ಲ, ಹೌದು. ಆದರೆ ಇಳುಕಲಿನಲ್ಲಿ ಹಿಂದಕ್ಕೆ ದೂಡಿ ತಿರುಗಿಸಬೇಕಾದಾಗ, ಕೆಸರಿನಲ್ಲಿ ಅಡ್ಡ ಮಲಗಿದ್ದನ್ನು ಒಬ್ಬನೇ ಎಬ್ಬಿಸಬೇಕಾದಾಗ ತಿಳಿಯುತ್ತದೆ. 50 ಕಿಲೋ ಗೋಣಿ ಎತ್ತುವವನಿಗೂ 195 ಕಿಲೋ ಕಷ್ಟವೇ.

ಸೀಟಿನ ಎತ್ತರವೂ ಹಾಗೆಯೇ. ಸ್ಪ್ಲೆಂಡರಿನ ಸೀಟು ನೆಲದಿಂದ 785 ಮಿ.ಮೀ., ಕ್ಲಾಸಿಕ್ 805. ಮಣ್ಣಿನ ಮಾರ್ಗಕ್ಕೆಂದೇ ಮಾಡಿದ ಹೀರೋ ಎಕ್ಸ್‌ಪಲ್ಸ್ 200ರದ್ದು ಸುಮಾರು 825. ಕಾಗದದಲ್ಲಿ ನಾಲ್ಕು ಸೆಂಟಿಮೀಟರು ಏನೂ ಅನ್ನಿಸುವುದಿಲ್ಲ. ಐದಡಿ ನಾಲ್ಕಿಂಚಿನ ಸವಾರನಿಗೆ ಅದು ಪಾದ ಪೂರ್ತಿ ಊರುವುದಕ್ಕೂ ಬೆರಳ ತುದಿ ಮುಟ್ಟುವುದಕ್ಕೂ ಇರುವ ಅಂತರ. ಎಕ್ಸ್‌ಪಲ್ಸ್ ನಮ್ಮ ದಾರಿಗೆ ಚೆನ್ನಾಗಿ ಹೊಂದುವ ಬೈಕು. ಆದರೆ ಅದು ಕೈ ಕುದುರಿದ, ಕಾಲು ಉದ್ದ ಇರುವ ಸವಾರನಿಗೆ.

ನಿಲ್ಲಿಸುವ ಲೆಕ್ಕ, ಅಡಿಕೆಮರದ ಅಳತೆಯಲ್ಲಿ

ಬೈಕಿನ ಬಗ್ಗೆ ಮಾತಾಡುವಾಗ ಎಲ್ಲರೂ ಎಷ್ಟು ಓಡುತ್ತದೆ ಎನ್ನುತ್ತಾರೆ. ಎಷ್ಟರಲ್ಲಿ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ. ದಾರಿಗೆ ಅಡ್ಡ ಬಂದ ದನ ಕಣ್ಣಿಗೆ ಬಿದ್ದು, ತಲೆಗೆ ಹೊಳೆದು, ಕೈಕಾಲು ಬ್ರೇಕಿಗೆ ಹೋಗುವಾಗ ಹೆಚ್ಚುಕಮ್ಮಿ ಒಂದು ಸೆಕೆಂಡು ಕಳೆದಿರುತ್ತದೆ. ಅಷ್ಟು ಹೊತ್ತು ಬೈಕು ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಆಮೇಲೆ ಬ್ರೇಕು. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ಹೋಗುವ ದೂರ ನಾಲ್ಕು ಪಟ್ಟಾಗುತ್ತದೆ. ಇದು ಸ್ಪ್ಲೆಂಡರಿಗೂ ಡ್ಯೂಕಿಗೂ ಒಂದೇ ನಿಯಮ.

ಒಣಗಿದ ಡಾಮರು ರಸ್ತೆಯಲ್ಲಿ, ಸಾಧಾರಣ ಸವಾರ ಬ್ರೇಕು ಹಿಡಿದರೆ ಲೆಕ್ಕ ಹೀಗೆ ಬರುತ್ತದೆ. 30ರಲ್ಲಿ ಹೋಗುವಾಗ ಒಟ್ಟು 15 ಮೀಟರು. 60ರಲ್ಲಿ 45 ಮೀಟರು. 80ರಲ್ಲಿ 70 ಮೀಟರು. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನಲ್ಲಿ ಎಣಿಸಿ ನೋಡಿ. 30ರಲ್ಲಿ ಐದಾರು ಮರ. 60ರಲ್ಲಿ ಹದಿನೇಳು ಮರ. 80ರಲ್ಲಿ ಇಪ್ಪತ್ತಾರು ಮರ. ಮಳೆ, ಹರಳು, ಹಾವಸೆ ಇದ್ದರೆ ಇನ್ನೂ ಹೆಚ್ಚು. ನಮ್ಮ ಹುಡುಗನನ್ನು ತೋಟಕ್ಕೇ ಕರೆದುಕೊಂಡು ಹೋಗಿ ಮರ ಎಣಿಸಿ ತೋರಿಸಿದೆ. ಹದಿನೇಳನೇ ಮರ ಎಲ್ಲಿದೆ ಅಂತ ನಿಂತು ನೋಡಿದ. ಮಾತಾಡಲಿಲ್ಲ.

100 ಸಿ.ಸಿ. ಕೂಡ 80 ಓಡುತ್ತದೆ ಎಂದು ಹೇಳಬಹುದು. ಓಡುತ್ತದೆ. ಆದರೆ ಅಲ್ಲಿಗೆ ಮುಟ್ಟಲು ಅದಕ್ಕೆ ಹೊತ್ತು ಬೇಕು, ಉದ್ದ ರಸ್ತೆ ಬೇಕು. ಅದು ಗಡಗಡ ನಡುಗಿ ಸವಾರನಿಗೆ ಎಚ್ಚರಿಕೆ ಕೊಡುತ್ತದೆ. 200ರ ಬೈಕು ಕೈ ಸ್ವಲ್ಪ ತಿರುಗಿಸಿದ ಕೂಡಲೇ, ಸದ್ದಿಲ್ಲದೆ, ಎರಡು ತಿರುವಿನ ಮಧ್ಯೆಯೇ ಅಲ್ಲಿಗೆ ಮುಟ್ಟಿಸುತ್ತದೆ. ಹೊಂಡ ಸಿಕ್ಕಿ ಕೈ ಅದುರಿದಾಗಲೂ ಎಕ್ಸಿಲೇಟರು ತಿರುಗುತ್ತದೆ. ಹೊಸಬನ ಕೈಗೆ ಈ ಎರಡರ ವ್ಯತ್ಯಾಸ ಗೊತ್ತಾಗಲು ಒಂದು ವರ್ಷ ಬೇಕು.

ನಮ್ಮ ಪಕ್ಕದ ಊರಿನ ಒಬ್ಬ ಹುಡುಗ 200 ಸಿ.ಸಿ. ಬೈಕು ಕೊಂಡು ಎರಡು ತಿಂಗಳಿಗೆ, ಸಂಜೆ ಹೊತ್ತು, ತಿರುವಿನಲ್ಲಿ ಲಾರಿಗೆ ಹೋಗಿ ತಾಗಿದ. ಒಳ್ಳೆಯ ಹುಡುಗ. ಕುಡಿತ ಇಲ್ಲ, ಹುಚ್ಚಾಟ ಇಲ್ಲ. ಅವನ ಕಾಲದಲ್ಲಿ ಆ ಮನೆಯಲ್ಲಿ ಐದು ದನ ಇದ್ದವು. ಈಗ ಒಂದು. ಕೊಳೆರೋಗಕ್ಕೆ ಮದ್ದು ಬಿಡಿಸಲು ಅವನ ಅಪ್ಪ ಜನ ಹುಡುಕುತ್ತಾರೆ. ಬೈಕಿನ ಸಾಲದ ಕಂತು ಬೈಕು ಹೋದ ಮೇಲೂ ಇತ್ತು. ನಮ್ಮಂಥ ಸಣ್ಣ ಹಿಡುವಳಿಯ ಮನೆಯಲ್ಲಿ ಒಂದು ಆಳು ಕಡಿಮೆಯಾದರೆ ತೋಟವೇ ಹಿಂದೆ ಬೀಳುತ್ತದೆ. ಇಷ್ಟುದ್ದ ಬರೆಯಲು ಕಾರಣವೂ ಇದೇ.

ಯಾರಿಗೆ ಯಾವುದು?

ಮೊಪೆಡ್: ಟಿ.ವಿ.ಎಸ್. ಎಕ್ಸ್‌ಎಲ್ 100 ಸುಮಾರು 90 ಕಿಲೋ, ಶಕ್ತಿ ನಾಲ್ಕು ಎಚ್.ಪಿ. ದಾಟಿದ್ದು. ಕಾಲ ಬಳಿ ಗೋಣಿ ಇಡಬಹುದು. ಭಾರ ನಡುವಿನಲ್ಲಿರುವುದರಿಂದ ಚಡಾವಿನಲ್ಲಿ ಮುಂದಿನ ಚಕ್ರ ಹಗುರಾಗುವುದಿಲ್ಲ. ಗೇರಿನ ರಗಳೆ ಇಲ್ಲ. ವಯಸ್ಸಾದ ಮೇಲೆ ಕಲಿಯುವವರಿಗೆ ಒಳ್ಳೆಯದು. ನಮ್ಮ ನೆರೆಮನೆಯ ಅಕ್ಕ ಐವತ್ತು ದಾಟಿದ ಮೇಲೆ ಇದರಲ್ಲೇ ಕಲಿತು ದಿನಾ ಸೊಸೈಟಿಗೆ ಹಾಲು ಒಯ್ಯುತ್ತಾರೆ. ಒಬ್ಬರು ಮತ್ತು ಒಂದು ಗೋಣಿಗೆ ಸರಿ. ಇಬ್ಬರು ಕೂತು ಭಾರವನ್ನೂ ಹೇರಿದರೆ ಕಡಿದಾದ ಚಡಾವಿನಲ್ಲಿ ಉಸಿರು ಕಟ್ಟುತ್ತದೆ.

ಸ್ಕೂಟರ್: 110 ಸಿ.ಸಿ.ಯ ಸ್ಕೂಟರು ಡಾಮರು ರಸ್ತೆಯ ಪಕ್ಕದ ಮನೆಗೆ, ಸೀರೆ ಉಟ್ಟು ಓಡಿಸುವವರಿಗೆ ಅನುಕೂಲ. ಆದರೆ ಚಕ್ರ ಸಣ್ಣದು, ಹೊಂಡಕ್ಕೆ ಇಳಿದರೆ ಏಳುವುದು ಕಷ್ಟ. ಇನ್ನೊಂದು ವಿಷಯ ಮುಖ್ಯ. ಕಡಿದಾದ ಇಳುಕಲಿನಲ್ಲಿ ಗೇರಿನ ಬೈಕನ್ನು ಮೊದಲನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಸ್ಕೂಟರು, ಮೊಪೆಡ್ಡುಗಳಲ್ಲಿ ತೀರಾ ನಿಧಾನ ಇಳಿಯುವಾಗ ಆ ಹಿಡಿತ ಸಿಗುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ.

100–110 ಸಿ.ಸಿ. ಗೇರಿನ ಬೈಕು: ಕಲಿಯಲು, ದುಡಿಸಲು, ಊರಿನಲ್ಲೇ ರಿಪೇರಿ ಮಾಡಿಸಲು ಇದಕ್ಕಿಂತ ಸುಲಭದ್ದಿಲ್ಲ. ದಿನಕ್ಕೆ 30 ಕಿಲೋಮೀಟರಿನೊಳಗೆ ಓಡಾಟ, ಒಬ್ಬ ಸವಾರ, ಅಪರೂಪಕ್ಕೆ ಇನ್ನೊಬ್ಬ ಆದರೆ ಇದೇ ಸಾಕು.

125 ಸಿ.ಸಿ.: ಭಾರ ಹೆಚ್ಚಿಲ್ಲ, ಎಳೆತ ಮೂರನೇ ಒಂದರಷ್ಟು ಹೆಚ್ಚು. ದಿನವೂ ಇಬ್ಬರು ಹೋಗುವುದಿದ್ದರೆ, ಎರಡು ಬದಿಗೆ ಹಾಲಿನ ಕ್ಯಾನು ಕಟ್ಟುವುದಿದ್ದರೆ, ಹೆದ್ದಾರಿಯಲ್ಲಿ ಲಾರಿ ದಾಟಬೇಕಾದಲ್ಲಿ ಇದು ಮೇಲು. ಹೊಸ ಸವಾರನಿಗೆ ನಾನು ಹಾಕುವ ಮೇಲಿನ ಗೆರೆ ಇದು. ಆದರೆ ಸಿ.ಸಿ. ನೋಡಿ ಮೋಸ ಹೋಗಬೇಡಿ. 125ರಲ್ಲೇ ರೇಸಿಗೆಂದು ಬಗ್ಗಿ ಕೂರುವಂತೆ ಮಾಡಿದವೂ ಇವೆ. ಅವು ಈ ಪಟ್ಟಿಗೆ ಸೇರುವುದಿಲ್ಲ.

150–200 ಸಿ.ಸಿ.: ಇಲ್ಲಿ ಒಂದು ಒಳ್ಳೆಯ ಮಾತು ಹೇಳಲೇಬೇಕು. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು. ಗಡಿಬಿಡಿಯಲ್ಲಿ ಗಟ್ಟಿ ಹಿಡಿದರೂ ಚಕ್ರ ಕಟ್ಟಿಹೋಗಿ ಜಾರುವುದನ್ನು ಅದು ತಪ್ಪಿಸುತ್ತದೆ. 125ರ ವರೆಗಿನವುಗಳಿಗೆ ಅಂದು ಕಡ್ಡಾಯವಾದದ್ದು ಒಂದನ್ನು ಒತ್ತಿದರೆ ಎರಡೂ ಹಿಡಿಯುವ ಕೂಡುಬ್ರೇಕು. ಡಾಮರಿನಲ್ಲಿ ಎ.ಬಿ.ಎಸ್. ದೊಡ್ಡ ಉಪಕಾರ. ಆದರೆ ಹರಳಿನ ಇಳುಕಲಿನಲ್ಲಿ ಅದು ಪವಾಡ ಮಾಡುವುದಿಲ್ಲ. ಅದು ಇದೆಯೆಂಬ ಧೈರ್ಯದಲ್ಲಿ ವೇಗ ಏರಿಸಿದರೆ ಬಂದ ಲಾಭ ಹೋಯಿತು. ಈ ಗಾತ್ರ ಎರಡನೇ ಬೈಕಿಗೆ ಇರಲಿ.

350 ಮತ್ತು ಮೇಲೆ: ಎಂಜಿನ್ ಸೌಮ್ಯವಾದದ್ದೇ. ಭಾರವೇ ತೊಂದರೆ. ತೋಟದ ದಾರಿಯಲ್ಲಿ ಕಲಿಯುವ ಬೈಕಲ್ಲ.

ಕಾನೂನು ಎಷ್ಟು ಕಾಯುತ್ತದೆ?

ಯೂರೋಪಿನ ದೇಶಗಳಲ್ಲಿ ಬೈಕಿನ ಲೈಸೆನ್ಸ್ ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತಾರೆ. ಮೊದಲ ಮೆಟ್ಟಿಲಿಗೆ 125 ಸಿ.ಸಿ., ಹೆಚ್ಚೆಂದರೆ 15 ಎಚ್.ಪಿ. ಎರಡನೆಯದಕ್ಕೆ ಸುಮಾರು 47 ಎಚ್.ಪಿ. ಆಮೇಲೆ ಬೇಕಾದ್ದು. ನಮ್ಮಲ್ಲಿ ಹಾಗಿಲ್ಲ. 18 ತುಂಬಿ ಗೇರಿನ ಬೈಕಿನ ಲೈಸೆನ್ಸ್ ಸಿಕ್ಕಿತೆಂದರೆ 100ನ್ನೂ ಓಡಿಸಬಹುದು, 650ನ್ನೂ ಓಡಿಸಬಹುದು. ಅಂದರೆ ಆ ಮೆಟ್ಟಿಲು ಕಟ್ಟುವ ಕೆಲಸ ಮನೆಯವರದ್ದು.

ಗೇರಿಲ್ಲದ ಗಾಡಿಗೆ ಮಾತ್ರ ಲೈಸೆನ್ಸ್ ಮಾಡಿಸಿದವರು ಗೇರಿನ ಬೈಕು ಓಡಿಸುವಂತಿಲ್ಲ. ಮಾಡಿಸುವಾಗ ಗೇರಿನದ್ದೇ ಮಾಡಿಸಿದರೆ ಎರಡಕ್ಕೂ ಆಗುತ್ತದೆ. ಎಲ್.ಎಲ್. ಇರುವಾಗ ಹಿಂದೆ ಬೇರೆಯವರನ್ನು ಕೂರಿಸುವಂತಿಲ್ಲ. ಲೈಸೆನ್ಸ್ ಇದ್ದು ಕಲಿಸಲು ಕೂತವರಾದರೆ ಮಾತ್ರ ಸರಿ.

ಹದಿನಾರಕ್ಕೆ ಲೈಸೆನ್ಸ್ ಸಿಗುತ್ತದೆ ಎಂದು ಕೆಲವರು ಹೇಳುವುದುಂಟು. ಅದು 50 ಸಿ.ಸಿ. ಮೀರದ ಗಾಡಿಗೆ ಮಾತ್ರ. ಎಕ್ಸ್‌ಎಲ್ 100ಕ್ಕೂ ಮಾಮೂಲಿ ಸ್ಕೂಟರಿಗೂ ಅದು ನಡೆಯುವುದಿಲ್ಲ. ಹದಿನೆಂಟು ತುಂಬದವರ ಕೈಗೆ ಬೈಕು ಕೊಟ್ಟು ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ನಂತರ ಹೊಣೆ ಪಾಲಕರದ್ದು ಅಥವಾ ಮಾಲಕರದ್ದು. ಮೂರು ವರ್ಷದ ವರೆಗೆ ಸಜೆ, 25,000 ರೂ. ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದ ಮಕ್ಕಳಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ‘ಸೊಸೈಟಿಯ ವರೆಗೆ ಅಲ್ವಾ’ ಎಂದು ಪಿಯುಸಿ ಹುಡುಗನ ಕೈಗೆ ಕೀ ಕೊಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಖರ್ಚಿನ ಬದಿ

ವಿಮೆಯೂ ಸಿ.ಸಿ. ನೋಡಿಯೇ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. 2022ರ ಜೂನಿನಲ್ಲಿ ನಿಗದಿಯಾದ ದರದಲ್ಲಿ 75ರಿಂದ 150 ಸಿ.ಸಿ. ವರೆಗೆ 3,851 ರೂ., 150ರಿಂದ 350ರ ವರೆಗೆ 7,365 ರೂ., ಅದಕ್ಕೂ ಮೇಲಾದರೆ 15,117 ರೂ. ತೆರಿಗೆಯಲ್ಲಿ 350 ಒಂದು ಗಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ. ವರೆಗಿನ ಬೈಕುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು, ಅದಕ್ಕೂ ದೊಡ್ಡವುಗಳದ್ದು ಶೇ. 40 ಆಯಿತು.

ಪೆಟ್ರೋಲಿನ ಲೆಕ್ಕ ನಮ್ಮ ದಾರಿಯದ್ದು. ದಿನಕ್ಕೆ 30 ಕಿಲೋಮೀಟರು, ವರ್ಷಕ್ಕೆ 300 ದಿನ, 9,000 ಕಿಲೋಮೀಟರು. ಲೀಟರಿಗೆ 55 ಕೊಡುವ ಬೈಕಿಗೆ 164 ಲೀಟರು ಬೇಕು. 32 ಕೊಡುವ ಬೈಕಿಗೆ 281. ಲೀಟರಿಗೆ 100 ರೂ. ಅಂತ ಹಿಡಿದರೂ ವರ್ಷಕ್ಕೆ 11,700 ರೂ. ವ್ಯತ್ಯಾಸ. ಟಯರು, ಚೈನು, ಬ್ರೇಕ್ ಪ್ಯಾಡ್ ದೊಡ್ಡ ಬೈಕಿನದ್ದು ಯಾವಾಗಲೂ ದುಬಾರಿ.

ಉಳಿದ ಹಣದಲ್ಲಿ ಮೊದಲು ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್ ತೆಗೆದುಕೊಳ್ಳಿ. ಒಂದು ಹಿಂದೆ ಕೂರುವವರಿಗೆ. ಆಮೇಲೆ ಒಳ್ಳೆಯ ರೈನ್‌ಕೋಟು, ಬೆರಳು ಮುಚ್ಚುವ ಶೂ. ಮಳೆಗಾಲಕ್ಕೆ ಮೊದಲು ಸವೆದ ಟಯರು ಬದಲಿಸಿ.

ಕೊಳ್ಳುವ ಮೊದಲು ಐದು ಪರೀಕ್ಷೆ

ಶೋರೂಮಿನ ನುಣುಪು ನೆಲದಲ್ಲಿ ಎಲ್ಲ ಬೈಕೂ ಹಗುರ. ಆದ್ದರಿಂದ ಆ ಮಾದರಿಯ ಬೈಕು ಇರುವ ನೆರೆಯವರಲ್ಲಿ ಕೇಳಿ, ನಿಮ್ಮ ಮಾರ್ಗದಲ್ಲೇ ನೋಡಿ. ಪರೀಕ್ಷೆ ಮಾಡಬೇಕಾದದ್ದು ಓಡಿಸುವವರೇ.

1. ಕೂತು ಎರಡೂ ಪಾದ ಊರಬೇಕು. ಹಿಮ್ಮಡಿ ಸ್ವಲ್ಪ ಎದ್ದರೂ ಅಡ್ಡಿಯಿಲ್ಲ, ಬೆರಳ ತುದಿ ಮಾತ್ರ ತಾಗುವುದಾದರೆ ಬೇಡ.

2. ಎಂಜಿನ್ ಬಂದ್ ಮಾಡಿ, ಇಳಿದು, ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ದೂಡಿ ಒಂದು ಸುತ್ತು ತಿರುಗಿಸಬೇಕು. ಮಧ್ಯೆ ಬೇರೆಯವರು ಕೈ ಕೊಡಬಾರದು.

3. ಹುಲ್ಲಿನ ಮೇಲೆ ಮೆಲ್ಲ ಮಲಗಿಸಿ, ಒಬ್ಬರೇ ಎಬ್ಬಿಸಿ ಸ್ಟ್ಯಾಂಡು ಹಾಕಬೇಕು.

4. ನಡೆಯುವ ವೇಗದಲ್ಲಿ, ಕಾಲು ಊರದೆ, ಅಡಿಕೆ ಒಣಗಿಸುವ ಅಂಗಳದಷ್ಟು ದೂರ ನೇರ ಓಡಿಸಬೇಕು. ಎಂಜಿನ್ ಎಗರಬಾರದು, ಸಾಯಬಾರದು.

5. ಚಡಾವಿನ ಮಧ್ಯೆ ನಿಲ್ಲಿಸಿ, ಬಲಗಾಲಿನ ಬ್ರೇಕಿನಲ್ಲಿ ಹಿಡಿದುಕೊಂಡು, ಕ್ಲಚ್ಚು ಮೆಲ್ಲ ಬಿಟ್ಟು ಹಿಂದೆ ಜಾರದೆ ಹೊರಡಬೇಕು. ಮೊದಲು ಒಬ್ಬರೇ, ಆಮೇಲೆ ಭಾರ ಕಟ್ಟಿ.

ಈ ಐದರಲ್ಲಿ ಮೂರು ಕೂಡ ಆಗದಿದ್ದರೆ ಆ ಬೈಕು ಸದ್ಯಕ್ಕೆ ಅವರದ್ದಲ್ಲ. ನಮ್ಮ ಹುಡುಗ ಸ್ನೇಹಿತನ 200ರ ಬೈಕಿನಲ್ಲಿ ಮಾಡಿ ನೋಡಿದ. ಎರಡು ಪಾಸು. ನನ್ನ 100ರಲ್ಲಿ ಐದೂ ಆಯಿತು. “ಅಜ್ಜಂದಿರ ಬೈಕು” ಎಂದು ನಗೆಯಾಡುತ್ತಿದ್ದವನು ಕೊನೆಗೆ 125ಕ್ಕೆ ಒಪ್ಪಿದ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಇರುವುದಕ್ಕೆ. ಹಾಲಿನ ಕ್ಯಾನಿಗೆ ಎರಡು ಬದಿಗೂ ಸಮ ತೂಗುವ ಸ್ಟ್ಯಾಂಡು ಮಾಡಿಸಿದೆವು. ಎಲ್ಲವನ್ನೂ ಸೀಟಿನ ಹಿಂದೆ ಎತ್ತರಕ್ಕೆ ಕಟ್ಟಿದರೆ ಚಡಾವಿನಲ್ಲಿ ಮುಂದಿನ ಚಕ್ರ ನೆಲ ಬಿಡಲು ನೋಡುತ್ತದೆ.

ಒಂದು ಮಳೆಗಾಲ ಕಳೆಯಲಿ

ಮೊದಲ ತಿಂಗಳು ಹಿಂದೆ ಯಾರೂ ಬೇಡ, ಭಾರವೂ ಬೇಡ. ಎರಡನೇ ತಿಂಗಳು ಒಂದು ಕ್ಯಾನು. ಮೂರರ ನಂತರ ಮನೆಯವರಲ್ಲಿ ಒಬ್ಬರು ಹಿಂದೆ ಕೂತು ನೋಡಬೇಕು. ಬ್ರೇಕು ಎರಡನ್ನೂ ಒಟ್ಟಿಗೆ, ಹಿಂಡಿದ ಹಾಗೆ ಮೆಲ್ಲ ಹಿಡಿಯುವುದು ಅಭ್ಯಾಸವಾಗಬೇಕು. ಹಾವಸೆ, ಹರಳು ಇರುವಲ್ಲಿ ಮುಂದಿನದ್ದು ತೀರಾ ಹಗುರ. ಇಳುಕಲಿನಲ್ಲಿ ಕ್ಲಚ್ಚು ಹಿಡಿದುಕೊಂಡು ಜಾರಿಬಿಡುವ ಚಾಳಿ ಬೇಡವೇ ಬೇಡ.

ಚಾರ್ಮಾಡಿ, ಬಿಸಿಲೆ ಘಾಟಿಗೆ ಹೋಗಬೇಕೆಂಬ ಆಸೆ ಹುಡುಗರಿಗೆ ಇದ್ದೇ ಇರುತ್ತದೆ. ಒಂದು ಪೂರ್ತಿ ಮಳೆಗಾಲ ಮನೆಯ ದಾರಿಯಲ್ಲಿ ಬೀಳದೆ ಓಡಿಸಿದವರು ಆಮೇಲೆ ಹೋಗಲಿ. ದೊಡ್ಡ ಬೈಕು ಬೇಕೆಂದರೆ ಆಗ ಮಾತಾಡೋಣ. 100, 125ರ ಬೈಕುಗಳಿಗೆ ಮರುಮಾರಾಟದಲ್ಲಿ ಗಿರಾಕಿ ಸುಲಭಕ್ಕೆ ಸಿಗುವುದರಿಂದ ಅಷ್ಟರಲ್ಲಿ ಕಳೆದುಕೊಳ್ಳುವುದೂ ಹೆಚ್ಚಿಲ್ಲ.

ನಿಮ್ಮ ದಾರಿ ಬೇರೆ, ಭಾರ ಬೇರೆ ಇದ್ದರೆ ಲೆಕ್ಕವೂ ಸ್ವಲ್ಪ ಬೇರೆ ಬರಬಹುದು. ಒಟ್ಟು ತೂಕ, ಚಡಾವಿನ ಏರು, ಹೋಗುವ ವೇಗ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಶೋರೂಮಿಗೆ ಹೋಗಿ. ಬೈಕು ಓಡಿಸುವವರನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಿ. ಬೇರೆ ಊರಿನ ಕೃಷಿಕರು ತಮ್ಮ ಮಾರ್ಗದಲ್ಲಿ ಯಾವುದು ಹೊಂದಿತು, ಯಾವುದು ಹೊಂದಲಿಲ್ಲ ಎಂದು ಬರೆದರೆ ಉಳಿದವರಿಗೂ ಉಪಯೋಗ.